ಪಟ ನುಂಗುವ ಅರಳಿ

ಶಿಷ್ಯ ಕೇಳಿದ: "ಗುರುಗಳೇ, ಬಲಗೈ ಮಾಡಿದ ಒಳ್ಳೆಯದು ಎಡಗೈಗೆ ತಿಳಿಯಬಾರದು ಅನ್ನುತ್ತಾರೆ. ಹಾಗಾದರೆ ಯಾರ ಕಣ್ಣಿಗೂ ಬೀಳದಂತೆ ಮಾಡಿದ ಕೆಲಸವೇ ಎಲ್ಲಕ್ಕಿಂತ ದೊಡ್ಡದಲ್ಲವೇ?"

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೊಲಿಗೆಯವಳಿದ್ದಳು. ಅವಳ ಮನೆಯ ಎದುರಿಗೇ ಊರಿನ ಪಾರ್ಕು. ಪಾರ್ಕಿನ ನಡುವೆ ಒಂದು ಅರಳಿ ಮರ, ಮರದ ಸುತ್ತ ಕಲ್ಲಿನ ಕಟ್ಟೆ. ಗಂಡ ಕೈಬಿಟ್ಟು ಹೋದಾಗ ಅವಳಿಗೆ ಉಳಿದದ್ದು ಒಂದು ಹಳೆಯ ಹೊಲಿಗೆ ಮೆಷಿನ್ ಮಾತ್ರ. ಅದನ್ನಿಡಲು ಸೂರಿರಲಿಲ್ಲ. ಅರಳಿಯ ನೆರಳಿನಲ್ಲಿ ಇಟ್ಟುಕೊಂಡು ಹೊಲಿದಳು. ಹೊಲಿಯುತ್ತ ಹೊಲಿಯುತ್ತ ಬಾಡಿಗೆಗೆ ಮನೆ ಹಿಡಿದಳು. ಆಮೇಲೆ ಆ ಮನೆಯನ್ನೇ ಕೊಂಡಳು. ಅಣ್ಣತಮ್ಮಂದಿರ ಬಾಗಿಲಿಗೆ ಹೋಗಲಿಲ್ಲ. ತನ್ನ ಮೇಲೆ ಯಾರ ಹಂಗೂ ಇಲ್ಲ ಎಂದು ಎದೆಯುಬ್ಬಿಸಿ ಹೇಳುತ್ತಿದ್ದಳು. ಮರದ ಹಂಗು ಮಾತ್ರ ಇತ್ತು. ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆ ಊರಿನವರಿಗೆ ಒಂದು ರೂಢಿ. ಮನೆಯಲ್ಲಿ ದೇವರ ಪಟದ ಗಾಜು ಒಡೆದರೆ, ವಿಗ್ರಹ ಭಿನ್ನವಾದರೆ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕಸದ ಬುಟ್ಟಿಗೆ ಹಾಕಲು ಕೈ ಬರುವುದಿಲ್ಲ. ಹಾಗಾಗಿ ತಂದು ಅರಳಿಯ ಬುಡದಲ್ಲಿ ಒರಗಿಸಿ, ಕೈಮುಗಿದು, ತಿರುಗಿ ನೋಡದೆ ಹೋಗುತ್ತಿದ್ದರು. ಬಾಡಿದ ಹಾರಗಳೂ ಅಲ್ಲಿಗೇ ಬರುತ್ತಿದ್ದವು. ಕಸ ಗುಡಿಸುವವರು ದೇವರನ್ನು ಹೇಗೆ ಗುಡಿಸುವುದೆಂದು ಆ ಕಡೆ ಬರುತ್ತಿರಲಿಲ್ಲ. ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಬಿಟ್ಟ ಪಟವನ್ನು ಎತ್ತಿದವರಿಗೆ ಆ ಮನೆಯ ಕಷ್ಟ ಅಂಟುತ್ತದೆ ಎಂಬ ಮಾತಿತ್ತು.

ಮರದ ಬುಡದಲ್ಲಿ ಗಾಜಿನ ಚೂರು, ಪ್ಲಾಸ್ಟಿಕ್ ಹಾರ, ಕೊಳೆತ ಹೂವು ತುಂಬಿಕೊಂಡವು. ಹೊಲಿಗೆಯವಳಿಗೆ ನೋಡಿ ನೋಡಿ ತಡೆಯಲಾಗಲಿಲ್ಲ. ಆದರೆ ಅವಳು ಹೊಲಿಯುತ್ತಿದ್ದದ್ದು ಮದುವೆ ಹೆಣ್ಣುಗಳ ರವಿಕೆ. ಪಟ ಎತ್ತಿದ ಕೈಗೆ ಮದುವೆಯ ಬಟ್ಟೆ ಯಾರು ಕೊಡುತ್ತಾರೆ? ಅದಕ್ಕೇ ನಸುಕಿನಲ್ಲಿ, ಊರು ಏಳುವ ಮೊದಲು ಹೋಗತೊಡಗಿದಳು. ಚೌಕಟ್ಟಿನ ಮೊಳೆ ಕಿತ್ತು ಗಾಜು ಬೇರೆ, ಮರ ಬೇರೆ, ಕಾಗದ ಬೇರೆ ಮಾಡುತ್ತಿದ್ದಳು. ಗಾಜು ಗುಜರಿಗೆ, ಚೌಕಟ್ಟು ಬಡಗಿಗೆ. ಮಣ್ಣಿನ ಮೂರ್ತಿ ನೀರಿಗೆ. ಕಾಗದವನ್ನು ನೆನೆಸಿ, ಕಲಸಿ, ಹೂವಿನ ಜೊತೆ ಪಾರ್ಕಿನ ಮೂಲೆಯ ಗೊಬ್ಬರದ ಗುಂಡಿಗೆ ಹಾಕುತ್ತಿದ್ದಳು. ಬೆಳಗಾಗುವಾಗ ಕಟ್ಟೆ ತೊಳೆದಿಟ್ಟ ತಟ್ಟೆಯಂತಿರುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದಂತೆ ಮಾಡಿದೆನಲ್ಲ ಎಂದು ಅವಳಿಗೆ ಒಳಗೊಳಗೇ ಹಿಗ್ಗು. ಇದೂ ಒಂದು ಪೂಜೆಯೇ ಎಂದುಕೊಂಡಳು.

ಸಂಜೆ ಇಟ್ಟದ್ದು ಬೆಳಿಗ್ಗೆ ಇಲ್ಲ. ಊರಿನವರು ಇದನ್ನು ಗಮನಿಸಿದರು. ಯಾರು ಒಯ್ದರು? ನೋಡಿದವರಿಲ್ಲ. ಯಾರೂ ಒಯ್ಯದಿದ್ದರೆ ಮತ್ತೇನಾಯಿತು? ಮರವೇ ತೆಗೆದುಕೊಂಡಿತು ಎಂದು ಒಬ್ಬರು ಹೇಳಿದರು. ಹತ್ತು ಬಾಯಿ ದಾಟುವಷ್ಟರಲ್ಲಿ ಅದು ಪಟ ನುಂಗುವ ಅರಳಿಯಾಯಿತು.

ಆಮೇಲೆ ಜನ ಪಕ್ಕದ ಊರುಗಳಿಂದ ಆಟೋ ಮಾಡಿಕೊಂಡು ಬಂದರು. ಪಟ ಮಾತ್ರ ತರಲಿಲ್ಲ. ಸತ್ತವರ ಜಾತಕ ತಂದರು, ರೋಗಿಯ ಹಾಸಿಗೆ ತಂದರು. ಒಬ್ಬರು ಆಯುಧಪೂಜೆಯ ಕುಂಕುಮ ಹಚ್ಚಿದ ಕೆಟ್ಟ ಮಿಕ್ಸಿ ತಂದಿಟ್ಟು ಅಡ್ಡಬಿದ್ದು ಹೋದರು. ನುಂಗಿದ ಮರಕ್ಕೆ ಉಪಕಾರ ತೀರಿಸಬೇಡವೇ? ಬೇರಿಗೆ ಎಣ್ಣೆ ಎರೆದರು. ಕಾಂಡಕ್ಕೆ ತಗುಲಿಸಿಯೇ ದೀಪ ಹಚ್ಚಿದರು, ಕರ್ಪೂರ ಉರಿಸಿದರು. ಹೊಲಿಗೆಯವಳು ಇನ್ನೂ ಬೇಗ ಎದ್ದಳು, ಇನ್ನೂ ಚೊಕ್ಕವಾಗಿ ತೆಗೆದಳು. ಅವಳು ತೆಗೆದಷ್ಟೂ ಬಂದು ಬಿತ್ತು.

ಆ ವರ್ಷ ಯುಗಾದಿ ಕಳೆದರೂ ಅರಳಿ ಚಿಗುರಲಿಲ್ಲ. ಪಾರ್ಕಿನ ಮಾಲಿ ಕಾಂಡವನ್ನು ಒತ್ತಿದಾಗ ಸುಟ್ಟ ತೊಗಟೆ ಕೈಗೇ ಬಂತು.

"ನಗರಸಭೆಯವರು ನೋಡ್ಕೊಂಡು ಹೋದ್ರು ಕಣಮ್ಮ," ಎಂದ ಅವನು. "ಮಳೆಗಾಲದಲ್ಲೂ ಚಿಗುರದಿದ್ರೆ ಕಡೀತಾರಂತೆ."

ಹೊಲಿಗೆಯವಳು ಆ ದಿನ ಮೆಷಿನ್ ಮುಂದೆ ಕೂತಳು, ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಊರಿನವರನ್ನು ಮನಸ್ಸಿನಲ್ಲೇ ಬೈದಳು. ಬೈದು ಮುಗಿದ ಮೇಲೆ ಉಳಿದ ಮಾತು ಬೇರೆಯೇ ಇತ್ತು. ಕಸ ಕಸವಾಗಿಯೇ ಬಿದ್ದಿದ್ದರೆ ಜನ ಮೂಗು ಮುಚ್ಚಿಕೊಂಡಾದರೂ ನಿಲ್ಲಿಸುತ್ತಿದ್ದರು. ಅದನ್ನು ಪವಾಡ ಮಾಡಿದ್ದು ತನ್ನ ಪೊರಕೆ. ಪವಾಡಕ್ಕೆ ಎಣ್ಣೆ ಬಿತ್ತು, ಬೆಂಕಿ ಬಿತ್ತು.

ಮರುದಿನ ನಸುಕಿನಲ್ಲಿ ಅವಳು ಹೋಗಲಿಲ್ಲ. ಶುಕ್ರವಾರ ಬರುವವರೆಗೆ ಕಾದಳು. ಶುಕ್ರವಾರ ಹೊತ್ತೇರಿ ಜನ ಸೇರಿದ ಮೇಲೆ ಮೊದಲು ಕಾಂಡದ ಸುತ್ತಲಿನ ದೀಪಗಳನ್ನೆಲ್ಲ ತೆಗೆದು ಕಟ್ಟೆಯಾಚೆ ಇಟ್ಟಳು. ಆಮೇಲೆ ಇಕ್ಕಳ, ನೀರಿನ ಡ್ರಮ್ಮು, ಎರಡು ಬುಟ್ಟಿ ತಂದು ಕಟ್ಟೆಯ ಮೇಲೆ ಎಲ್ಲರೆದುರು ಕೂತು ಪಟಗಳ ಮೊಳೆ ಕೀಳತೊಡಗಿದಳು.

ಆಗ ಒಬ್ಬ ವ್ಯಾಪಾರಿ ಒಡೆದ ಲಕ್ಷ್ಮಿಯ ಪಟ ಹಿಡಿದು ಬಂದ. ಅವನ ಮಗಳ ಮದುವೆಯ ರವಿಕೆಗಳು ಅವಳ ಮನೆಯಲ್ಲೇ ಇದ್ದವು.

"ಏನವ್ವ, ತಲೆ ನೆಟ್ಟಗಿದೆಯಾ? ದೇವರಿಗೆ ಇಕ್ಕಳ ಹಾಕ್ತಿದ್ದೀಯಲ್ಲ!"

"ಇಕ್ಕಳ ಹಾಕಿದ್ದು ಮೊಳೆಗೆ ಸಾಹುಕಾರ್ರೇ. ಇಷ್ಟು ದಿನ ಹಾಕಿದವಳೂ ನಾನೇ. ಮರ ಏನೂ ನುಂಗಲಿಲ್ಲ."

"ಊರೆಲ್ಲ ಹೇಳ್ತಿರೋದು ಸುಳ್ಳಾ ಹಾಗಾದ್ರೆ? ಮರ ಸ್ವೀಕಾರ ಮಾಡತ್ತೆ."

"ಮರಕ್ಕೆ ಬಾಯಿದ್ದಿದ್ರೆ ನುಂಗೋಕೆ ಮೊದಲು ನಿಮಗೆ ನಾಕು ಬೈತಿತ್ತು. ಮೇಲೆ ನೋಡಿ, ಒಂದು ಎಲೆ ಇದೆಯಾ?"

ವ್ಯಾಪಾರಿ ಮೇಲೆ ನೋಡಲಿಲ್ಲ. ಪಟವನ್ನು ಅವಳ ಕಡೆ ಚಾಚಿದ.

"ಆಯ್ತಮ್ಮ ತಾಯಿ. ಹೇಗೂ ಕೈ ಹಾಕಿದ್ದೀಯ, ಇದನ್ನೂ ನೀನೇ ತೆಗೆ."

"ತೆಗೆಯಲ್ಲ. ಗಣಪತಿ ತಂದವರು ತಾವೇ ಹೊತ್ತುಕೊಂಡು ಹೋಗಿ ನೀರಿಗೆ ಬಿಡ್ತೀರಿ. ಪಕ್ಕದ ಮನೆಯವರಿಗೆ ಹೇಳ್ತೀರಾ, ಸ್ವಲ್ಪ ಬಿಟ್ಟು ಬನ್ನಿ ಅಂತ? ಇಷ್ಟು ವರ್ಷ ಕೈಮುಗಿದವರು ನೀವು. ಬೀಳ್ಕೊಡೋರೂ ನೀವೇ. ತಗೊಳ್ಳಿ ಇಕ್ಕಳ."

ವ್ಯಾಪಾರಿ ಇಕ್ಕಳ ಮುಟ್ಟಲಿಲ್ಲ. ಪಟವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ. ಸಂಜೆಯೊಳಗೆ ಅವನ ಮನೆಯ ಆಳು ಬಂದು ಅರ್ಧ ಹೊಲಿದ ರವಿಕೆಗಳನ್ನು ಕೇಳಿ ತೆಗೆದುಕೊಂಡು ಹೋದ. ಬೇರೆಯವರೂ ತೆಗೆದುಕೊಂಡು ಹೋದರು. ಬೀದಿಯಲ್ಲಿ ಅವಳಿಗೆ ದೇವರ ಗುಜರಿಯವಳು ಎಂದು ಹೆಸರು ಬಿತ್ತು. ಅರಿಶಿನ ಕುಂಕುಮಕ್ಕೆ ಕರೆಯುವವರು ಅವಳ ಬಾಗಿಲು ಬಿಟ್ಟು ಮುಂದಿನ ಬಾಗಿಲಿಗೆ ಹೋದರು.

ಅವಳಿಗೆ ನೋವಾಗಲಿಲ್ಲ ಎಂದರೆ ಸುಳ್ಳು. ಆದರೂ ಮರುದಿನ ಅದೇ ಹೊತ್ತಿಗೆ ಹೋಗಿ ಅದೇ ಕಟ್ಟೆಯ ಮೇಲೆ ಕೂತಳು. ಅದರ ಮರುದಿನವೂ ಕೂತಳು. ದೀಪ ತಂದವರಿಗೆ ಕಟ್ಟೆಯಾಚೆ ಜಾಗ ತೋರಿಸಿದಳು. ಹಳೆಯ ರಾಶಿಯನ್ನು ತಾನು ಬಿಡಿಸಿದಳು. ಹೊಸದಾಗಿ ಬಂದ ಒಂದು ಪಟವನ್ನೂ ಬಿಡಿಸಲಿಲ್ಲ. ಕಣ್ಣು ತಪ್ಪಿಸಿ ಇಟ್ಟು ಹೋದರೆ, ಅದು ಯಾರ ಮನೆಯದೆಂದು ಬೀದಿಯಲ್ಲಿ ಗೊತ್ತಾಗುವುದು ಕಷ್ಟವೇ? ಹಾಡಹಗಲೇ ಅದನ್ನು ಎತ್ತಿಕೊಂಡು ಹೋಗಿ ಆ ಮನೆಯ ಬಾಗಿಲು ತಟ್ಟುತ್ತಿದ್ದಳು.

"ನಿಮ್ಮನೆ ದೇವರು ದಾರಿ ತಪ್ಪಿ ಬಂದುಬಿಟ್ಟಿದ್ರು. ಒಳಗೆ ಕರ್ಕೊಳ್ಳಿ."

ಒಂದು ದಿನ ಒಬ್ಬ ಅಜ್ಜಿ ಬಂದಳು. ಅವಳ ಕೈಯಲ್ಲಿದ್ದದ್ದು ಮದುವೆಯಲ್ಲಿ ತವರಿನವರು ಕೊಟ್ಟ ಗೌರಿಯ ಪಟ. ಗೆದ್ದಲು ಅರ್ಧ ಮುಖ ತಿಂದಿತ್ತು. ಅಜ್ಜಿ ರಾಶಿಯನ್ನು ನೋಡಿದಳು, ಪಟವನ್ನು ನೋಡಿದಳು.

"ಇಷ್ಟು ಜನ ದೇವರ ಮಧ್ಯೆ ಇವಳನ್ನ ಹೇಗೆ ಬಿಟ್ಟು ಹೋಗಲಿ?" ಎಂದಳು. ಕಟ್ಟೆಯ ಮೇಲೆ ಕೂತು ಕೈ ಚಾಚಿದಳು. "ಕೊಡೇ ಇಲ್ಲಿ ಇಕ್ಕಳ."

ಹೊಲಿಗೆಯವಳು ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೊಳೆಯನ್ನು ಅಜ್ಜಿಯೇ ಕಿತ್ತಳು. ಕಾಗದವನ್ನು ಕಣ್ಣಿಗೊತ್ತಿಕೊಂಡು, ಹೋಗಿ ಬಾ ತಾಯಿ ಎಂದು ನೀರಿನಲ್ಲಿ ಮುಳುಗಿಸಿದಳು. ಆಮೇಲೆ ಗಾಜನ್ನು ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದು ನೋಡಿದಳು.

"ಇದನ್ನ ಯಾರಿಗೂ ಕೊಡಲ್ಲಪ್ಪ. ಬಚ್ಚಲು ಕಿಟಕಿ ಗಾಜು ಒಡೆದು ಎಷ್ಟು ದಿನ ಆಯ್ತು!"

ಸುತ್ತ ನಿಂತವರು ನಕ್ಕರು. ದಿನ ಕಳೆದರೂ ಅಜ್ಜಿಗೆ ಯಾವ ಕೇಡೂ ಆಗಲಿಲ್ಲ. ಮುಂದಿನ ವಾರ ಅವಳ ಸೊಸೆ ಬಂದು ಕೂತಳು, ಸೊಸೆಯ ಜೊತೆ ಪಕ್ಕದ ಮನೆಯವಳು. ತಮ್ಮ ಕೈಯಿಂದಲೇ ಬಿಡಿಸಬೇಕಾದ ಮೇಲೆ ಜನ ಒಂದಕ್ಕೆ ಎರಡು ಸಲ ಯೋಚಿಸಿದರು. ಕೆಲವರು ಗಾಜು ಮಾತ್ರ ಬದಲಾಯಿಸಿ ಅದೇ ಪಟವನ್ನು ಮತ್ತೆ ಗೋಡೆಗೆ ಹಾಕಿದರು. ಪ್ಲಾಸ್ಟಿಕ್ ಹಾರ ತಂದವರಿಗೆ ಅದನ್ನು ಏನು ಮಾಡುವುದೆಂದೇ ತಿಳಿಯಲಿಲ್ಲ. ಮುಂದಿನ ಹಬ್ಬಕ್ಕೆ ಸೇವಂತಿಗೆ ಕೊಂಡರು. ಮಾಲಿ ಗುಂಡಿಯ ಗೊಬ್ಬರ ತೆಗೆದು, ಎಣ್ಣೆ ಕುಡಿದ ಮಣ್ಣನ್ನು ಬಗೆದು ಎಸೆದು, ಹೊಸ ಮಣ್ಣಿನ ಜೊತೆ ಬೇರಿಗೆ ಹಾಕಿದ. ಮಿಕ್ಸಿಯನ್ನು ಮಾತ್ರ ಯಾರೂ ತಮ್ಮದೆಂದು ಒಪ್ಪಿಕೊಳ್ಳಲಿಲ್ಲ.

ಮಳೆ ಹಿಡಿದ ಮೇಲೆ, ಸುಡದೆ ಉಳಿದಿದ್ದ ಮಗ್ಗುಲಿನ ಒಂದು ಕೊಂಬೆಯಲ್ಲಿ ತಾಮ್ರದ ಬಣ್ಣದ ಚಿಗುರು ಕಂಡಿತು. ನಗರಸಭೆಯವರು ಬಂದು ನೋಡಿ, ಒಣಗಿದ ಕೊಂಬೆಗಳನ್ನಷ್ಟೇ ಕಡಿದು ಹೋದರು. ಜನ ಈಗ ಅದನ್ನು ಅರಳಿ ಮರ ಎಂದಷ್ಟೇ ಕರೆಯುತ್ತಿದ್ದರು. ವ್ಯಾಪಾರಿ ಅತ್ತ ಮತ್ತೆ ಬರಲಿಲ್ಲ. ಮದುವೆಯ ರವಿಕೆಗಳೂ ಬರಲಿಲ್ಲ. ಹೊಲಿಗೆಯವಳು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದುಕೊಂಡು ಇದ್ದಳು.

ಕತೆ ಅಲ್ಲಿಗೆ ನಿಂತಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೆ ಗುರುಗಳೇ, ಕತ್ತಲಲ್ಲಿ ಮಾಡುತ್ತಿದ್ದಾಗ ಅವಳಿಗೆ ಪುಣ್ಯವಿತ್ತು. ಊರೆದುರು ಕೂತು, ಬಾಗಿಲು ಬಾಗಿಲಿಗೆ ಹೋಗಿ ಜಗಳವಾಡಿದ ಮೇಲೆ ಆ ಪುಣ್ಯವೆಲ್ಲ ಹೋಯಿತಲ್ಲವೇ?"

ಗುರುಗಳು ಹೇಳಿದರು: "ಹೋಯಿತು, ಮರ ಉಳಿಯಿತು."