ಅಂತೋಣಿಯವರ ಪಾದದ ಕುಳಿ

ಲೂರ್ದಮ್ಮನ ಮನೆತನ ಊರಿಗೇ ಮೊದಲನೆಯದು. ಚರ್ಚಿನ ಬಲಿಪೀಠಕ್ಕೆ ಕಲ್ಲು ಕೊಟ್ಟವರು ಅವಳ ಗಂಡನ ಮುತ್ತಾತ. ಪೀಠದ ಮೇಲೆ, ಕಮಾನಿನ ಗೂಡಿನಲ್ಲಿ, ಗಾಜಿನ ಹಿಂದೆ ನಿಂತ ದೇವಮಾತೆಗೆ ಹಬ್ಬದ ನೀಲಿ ಹೊದಿಕೆ ಹೊಲಿಯುವ ಹಕ್ಕು ಮೂರು ತಲೆಮಾರಿನಿಂದ ಆ ಮನೆಯ ಹೆಂಗಸರದೇ. ಅವರ ಮೇಲೆ ಯಾರೂ ಒಂದು ಮಾತು ಆಡಿದ್ದಿಲ್ಲ.

ಬಾಗಿಲ ಬಳಿಯ ಕಂಬಕ್ಕೆ ತಾಗಿದಂತೆ ಸಂತ ಅಂತೋಣಿಯವರ ಮರದ ಸ್ವರೂಪ, ಅಂದರೆ ಪ್ರತಿಮೆ, ಇತ್ತು. ಅದನ್ನು ಒರೆಸಿ ಹೂವಿಡುವವಳು ಚರ್ಚಿನ ಕಸ ಗುಡಿಸುವ ಸವೇರಮ್ಮ. ಒಳಗೆ ಬಂದವರೆಲ್ಲ ಸಂತರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮುಟ್ಟಿ ಮುಟ್ಟಿ ಹೆಬ್ಬೆರಳು ಸವೆದು ಕುಳಿ ಬಿದ್ದಿತ್ತು. ಗಾಜಿನ ಮುಂದೆ ಮಾತ್ರ ಯಾರೂ ನಿಲ್ಲುತ್ತಿರಲಿಲ್ಲ. ಲೂರ್ದಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು.

"ನಿಮ್ಮ ದೇವಮಾತೇನ ನೋಡಿದ್ರೆ ಕತ್ತು ನೋಯುತ್ತೆ ಕಣಕ್ಕಾ. ನಮ್ಮ ಅಂತೋಣಿಯವರು ಕೈಗೇ ಸಿಗ್ತಾರೆ," ಎಂದು ಸವೇರಮ್ಮ ಒಮ್ಮೆ ತಮಾಷೆ ಮಾಡಿದಳು. ಲೂರ್ದಮ್ಮ ಅದನ್ನು ಮರೆಯಲಿಲ್ಲ.

ಸವೇರಮ್ಮ ಉಜ್ಜಿ ಉಜ್ಜಿ ಸ್ವರೂಪ ಹಾಳು ಮಾಡಿದ್ದಾಳೆಂದು ಅವಳು ಚರ್ಚಿನ ಗುರುಗಳ ಬಳಿ ದೂರಿದಳು. ದೊಡ್ಡ ಮನೆಯ ಮಾತು, ಗುರುಗಳು ನಂಬಿದರು. ಸವೇರಮ್ಮನ ಕೈಯಿಂದ ಆ ಸೇವೆ ತಪ್ಪಿತು. ಲೂರ್ದಮ್ಮ ಪೇಂಟರನ್ನು ಕರೆಸಿ, ಕುಳಿಗೆ ಪುಟ್ಟಿ ತುಂಬಿಸಿ, ಹೊಸ ಬಣ್ಣ ಹೊಡೆಸಿದಳು. ಮುಟ್ಟಬಾರದೆಂದು ಸುತ್ತ ಹಗ್ಗವನ್ನೂ ಕಟ್ಟಿಸಿದಳು.

ಹಬ್ಬದ ಬೆಳಿಗ್ಗೆ ಅವಳ ಅತ್ತೆ ಮದಲೇನಮ್ಮ ಬಂದರು. ಅವರಿಗೆ ಕಣ್ಣು ಹೋಗಿ ಹತ್ತು ವರ್ಷ. ಆ ಕುಳಿಯಲ್ಲಿ ಬೆರಳಿಟ್ಟು, ಅಲ್ಲಿಂದ ಕಂಬ ಎಣಿಸುತ್ತಾ ಹೆಂಗಸರ ಸಾಲಿಗೆ ತಾವೇ ನಡೆಯುತ್ತಿದ್ದರು. ಈಗ ಹಗ್ಗ ಕಾಲಿಗೆ ತೊಡರಿತು. ಕೈಗೆ ನುಣ್ಣಗಿನ, ಇನ್ನೂ ಅಂಟುವ ಬಣ್ಣ ತಾಗಿತು.

"ಇದು ನಮ್ಮ ಚರ್ಚೇ ಅಲ್ಲ," ಎಂದು ಮುದುಕಿ ಬಾಗಿಲಲ್ಲೇ ನಿಂತುಬಿಟ್ಟರು.

ಸವೇರಮ್ಮ ಓಡಿಬಂದು ಕೈ ಹಿಡಿದಳು. ನಡೆಸುತ್ತಾ, ಮುದುಕಿ ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದಂತೆ ಹೇಳಿದಳು. ಮುಂದಿನ ಬೆಂಚಿನಲ್ಲಿದ್ದ ಲೂರ್ದಮ್ಮ ತಿರುಗಿ ನೋಡಿದಳು. ಅತ್ತೆಯ ಬಿಳಿ ಸೀರೆಯ ಮೇಲೆ ಕಂದು ಬಣ್ಣದ ಐದು ಬೆರಳಿನ ಗುರುತು ಮೂಡಿದ್ದವು.

"ಚೆಂದ ಕಾಣಲಿ ಅಂತ ಮಾಡಿಸಿದೆ ಅತ್ತೆ," ಎಂದಳು ಮೆಲ್ಲಗೆ.

"ಆ ಕುಳಿ ಇವಳು ಉಜ್ಜಿದ್ದಲ್ಲ ಕಣೇ. ನಿನ್ನ ಮಾವ ಮುಟ್ಟಿದ್ದು, ನಾನು ಮುಟ್ಟಿದ್ದು, ಈ ಊರೆಲ್ಲ ಮುಟ್ಟಿದ್ದು. ಮನೆ ಹೆಸರು ಹೇಳ್ಕೊಂಡು ಸುಳ್ಳಾಡಿದೀಯ. ಏಳು, ಎಲ್ಲರೆದುರು ಇವಳ ಕ್ಷಮೆ ಕೇಳು."

ನೀತಿ: ಮತ್ತೊಬ್ಬರಿಗೆ ಸಿಕ್ಕ ಪ್ರೀತಿಯನ್ನು ಅಳಿಸಿದರೆ ಅದು ನಮ್ಮ ಪಾಲಿಗೆ ಬರುವುದಿಲ್ಲ. ಮನೆತನ ಎಷ್ಟೇ ದೊಡ್ಡದಿರಲಿ, ಹೊಟ್ಟೆಕಿಚ್ಚಿನಿಂದ ಸುಳ್ಳು ದೂರು ಹೇಳಿದವರು ಕ್ಷಮೆ ಕೇಳಲೇಬೇಕು.