ಕಡಲು ಕಟ್ಟಿದ ಕಲ್ಲು

ಅಗೋ, ಅಲೆ ಬಂದಾಗ ಸೊಂಟದವರೆಗೂ ಮುಳುಗಿ ಮತ್ತೆ ಏಳ್ತಿದೆಯಲ್ಲ, ಆ ಕರೀ ಬಂಡೆ, ಅದೇ ಕಡಲು ಕಟ್ಟಿದ ಕಲ್ಲು! ಪೂರ್ವ ತಿಮೋರಿನ ಈ ಮೂಲೆಗೆ ಬಂದವರೆಲ್ಲ ಕೇಳೋದು ಒಂದೇ, ಕಡಲನ್ನ ಯಾರಾದ್ರೂ ಕಟ್ಟೋಕಾಗುತ್ತಾ? ಆಗುತ್ತೆ, ಕಟ್ಟಿದಾರೆ, ಕೇಳಿ!

ನಾವು ಫತಾಲುಕು ಜನ. ಕಾಯಿ ಬಲಿಯೋವರೆಗೂ ಮರ ಮುಟ್ಟಬಾರದು ಅಂದ್ರೆ ಅದಕ್ಕೊಂದು ತಾಳೆಗರಿ ಕಟ್ಟಿಬಿಡ್ತೀವಿ. ಕಟ್ಟಿದವರೇ ಬಿಚ್ಚಬೇಕು, ಬೇರೆಯವರು ಕೈಯಿಟ್ರೆ ಕೇಡು. ನಮ್ಮಜ್ಜಿಯ ಅಜ್ಜಿಗೂ ಹಿಂದೆ, ಲವಾರಾ ಅನ್ನೋಳ ಗಂಡ, ಕೌಪಾಯಿ ಅಂತ, ಮೀನು ಹಿಡಿಯೋಕೆ ಹೋದವನು ವಾಪಸ್ ಬರ್ಲೇ ಇಲ್ವಂತೆ. ಹುಡುಕ್ರಪ್ಪಾ ಅಂತ ಮನೆಮನೆಗೂ ಹೋಗಿ ಬೇಡ್ಕೊಂಡ್ಳು. ಆದ್ರೆ ಮೀನು ಹಿಂಡುಹಿಂಡಾಗಿ ಬರೋ ಕಾಲ ಅದು, ಮೀನು ಬಿಟ್ಟು ಹುಡುಕೋಕೆ ಹೋಗೋರು ಯಾರು? ಸುಗ್ಗಿ ಮುಗೀಲಿ ಅಂದ್ರು ಎಲ್ಲ. ಇವಳು ಸೀದಾ ಹೋಗಿ, ಗಂಡ ಸಿಗೋವರೆಗೂ ಯಾರೂ ಕಡಲಿಗೆ ಬಲೆ ಹಾಕಬಾರದು ಅಂತ ಆ ಬಂಡೆಗೆ ಗರಿ ಕಟ್ಟಿಬಿಟ್ಳು!

ಮೈದುನ ನಕ್ಕನಂತೆ. "ಏನತ್ತಿಗೆ, ಕಡಲು ನಿಮ್ಮಪ್ಪನ ತೋಟಾನಾ?"

"ತೋಟವೋ ಕಡಲೋ, ಗರಿ ಗರೀನೇ. ಧೈರ್ಯ ಇದ್ರೆ ಬಲೆ ಹಾಕು ನೋಡೋಣ."

ಯಾರು ಹಾಕ್ತಾರೆ? ಹಿರಿಯರು ಕೂತು ತಲೆ ಕೆಡಿಸ್ಕೊಂಡ್ರು. ಕಡಲಿಗೆ ಗರಿ ಕಟ್ಟಬಾರದು ಅಂತ ಯಾರೂ ಹೇಳಿರ್ಲಿಲ್ವಲ್ಲ! ಮೀನು ಕಣ್ಣೆದುರೇ ಪಳಪಳ ಹಾರ್ತಿದೆ, ಹಿಡಿಯೋ ಹಾಗಿಲ್ಲ. ಗರಿ ಬಿಚ್ಚಬೇಕು ಅಂದ್ರೆ ಗಂಡ ಸಿಗ್ಬೇಕು. ಕೊನೆಗೆ ಬಲೆ ಇಲ್ದೇ ದೋಣಿ ಇಳಿಸಿದ್ರು.

ಸಿಕ್ಕಿದ್ದೆಲ್ಲಿ ಗೊತ್ತಾ? ಎದುರಿಗಿರೋ ಆ ಪವಿತ್ರ ದ್ವೀಪದಲ್ಲಿ! ಅಲ್ಲಿ ಯಾರೂ ರಾತ್ರಿ ತಂಗೋ ಹಾಗಿಲ್ಲ. ದೋಣಿ ಒಡೆದು ಅಲ್ಲಿಗೆ ಈಜಿದ್ದ ಪುಣ್ಯಾತ್ಮ, ನಿಯಮ ಮುರಿದೆನಲ್ಲಾ ಅಂತ ಹೆದರಿ, ಮೀನಿನ ದೋಣಿಗಳು ಹಾದುಹೋದಾಗೆಲ್ಲ ಕೂಗೋದು ಬಿಟ್ಟು ಪೊದೆಯೊಳಗೆ ಅಡಗ್ತಿದ್ನಂತೆ! ಎಳೆದು ತಂದ್ರೆ ಮೊದಲು ಅಂದಿದ್ದು, "ನಾನು ಮಲಗಿಲ್ಲ, ಕೂತೇ ಇದ್ದೆ!"

"ಗರಿ ಬಿಚ್ಚೇ ತಾಯಿ, ಮೀನು ಹೋಗ್ತಿದೆ" ಅಂತ ಊರೆಲ್ಲ ಗೋಗರೆದ್ರೆ ಲವಾರಾ, "ತಾಳಿ, ಇವನಿಗೆ ಗಂಜಿ ಕುಡಿಸಿ ಬರ್ತೀನಿ" ಅಂದ್ಳಂತೆ.

ಈಗ್ಲೂ ಅಷ್ಟೇ. ದೋಣಿ ಬರೋದು ತಡವಾದ್ರೆ ಆ ಮನೆ ಹೆಂಗಸು ಬಂದು ಇಲ್ಲಿ ಗರಿ ಕಟ್ತಾಳೆ. ಕಟ್ಟಿದ್ಳು ಅಂದ್ರೆ ಯಾರೂ ಬಲೆ ಹಾಕಲ್ಲ, ಎಲ್ಲರೂ ಹುಡುಕೋಕೆ ಹೋಗ್ತಾರೆ. ನೋಡೋಕೆ ಬಂದವರು ಬರೀ ಬೋಳು ಕಲ್ಲು ಕಂಡು ಮುಖ ಸಣ್ಣ ಮಾಡ್ಕೋತಾರೆ. ನಮಗೋ, ಬೋಳಾಗಿದ್ರೇ ಸಮಾಧಾನ. ಎಲ್ಲರೂ ಮನೇಲಿದಾರೆ ಅಂತ.