ಕೊಟ್ರನೂ ಕೀಲಿಕೈ ಇಲ್ಲದ ಬೀಗವೂ

ಹೊಸಪೇಟೆಯಲ್ಲಿ ಹುಲಿಗೆವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಕೊಟ್ರ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. "ಹಾಲು ಉಕ್ಕೋದು ನೋಡ್ತಿರಲೇ" ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡುತ್ತಿದ್ದ!

"ಇವನನ್ನ ಕಟ್ಕೊಂಡು ಏನ್ ಮಾಡ್ಲಿ ಶಿವನೇ!" ಅಂತ ಹುಲಿಗೆವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅವಳು ಕಸ ಗುಡಿಸುತ್ತಿದ್ದ ಲಾಡ್ಜಿಗೆ ಹೊಸ ಬೀಗಗಳು ಬಂದವು. ಕೀಲಿಕೈಯೇ ಇಲ್ಲದ ಬೀಗ! ಮ್ಯಾನೇಜರ್ ಶ್ಯಾಮರಾಯರ ಕೈಕಾಲು ಹಿಡಿದು ಮಗನನ್ನೂ ಅಲ್ಲೇ ಕೆಲಸಕ್ಕೆ ಸೇರಿಸಿದಳು.

"ಕಾರ್ಡು ತೋರ್ಸು, ಬಾಗಿಲು ತೆಗೀತದೆ" ಅಂದರು ರಾಯರು.

ಕೊಟ್ರನಿಗೆ ಕುತೂಹಲವೋ ಕುತೂಹಲ. ಬಾಗಿಲಿಗೆ ಕಣ್ಣೆಲ್ಲಿದೆ? ಮನೆಗೆ ಓಡಿ ರೇಷನ್ ಕಾರ್ಡು ತಂದು ಬೀಗದ ಮುಂದೆ ಹಿಡಿದ. "ನೋಡಪ್ಪಾ, ಇದು ನಮ್ಮವ್ವನ ಹೆಸರು, ಇದು ನಂದು." ತೆಗೆಯಲಿಲ್ಲ. ತಿರುವಿ ಹಿಡಿದ. ತೆಗೆಯಲಿಲ್ಲ. ಗಟ್ಟಿಯಾಗಿ ಓದಿ ಹೇಳಿದ. ಊಹೂಂ!

"ಎಲಾ ದಡ್ಡಾ!" ಅವ್ವ ಬೈದಳು. "ಅದಕ್ಕೆ ಅದರದೇ ಕಾರ್ಡು ಐತೆ. ಅದಕ್ಕೂ ತೆಗೀಲಿಲ್ಲ ಅಂದ್ರೆ ಬ್ಯಾಟರಿ ಹೋಗಿ ಬೀಗ ಸತ್ತೈತೆ ಅಂತ ತಿಳ್ಕೊ. ಆಗ ಮಾಡಬೇಕಾದ್ದು ಮಾಡು."

"ಆಗ್ಲವ್ವಾ!"

ಮರುದಿನವೇ ಒಂದು ಬೀಗ ಸತ್ತಿತು. ಕೊಟ್ರ ಓಡಿದ, ಚೆಂಡುಹೂವಿನ ಹಾರ ತಂದ, ಬೀಗಕ್ಕೆ ಹಾಕಿದ, ಊದುಬತ್ತಿ ಹಚ್ಚಿದ, ಬಾಗಿಲ ಮುಂದೆ ಕೂತು ಗೋಳೋ ಅಂತ ಅತ್ತ. ಒಳಗೆ ಹೆಣ ಬಿದ್ದಿದೆ ಅಂತ ಅರ್ಧ ಲಾಡ್ಜು ಖಾಲಿ!

"ಅಯ್ಯೋ ಪುಣ್ಯಾತ್ಮಾ, ಅಳ್ತಾರೇನಲೇ?" ಅವ್ವ ಗದರಿದಳು. " ಗಿರಾಕಿ ಕಂಡ್ರೆ ನಗಬೇಕು, ಕೈ ಮುಗೀಬೇಕು, ಪೆಟ್ಟಿಗೆ ಹಿಡ್ಕೋಬೇಕು. ಹಿಡ್ಕೊಂಡ ಪೆಟ್ಟಿಗೆ ಮಾತ್ರ ಜೀವ ಹೋದ್ರೂ ಬಿಡಬಾರ್ದು!"

"ಆಗ್ಲವ್ವಾ!"

ಆ ವಾರ ಮದುವೆಯವರು ಬಂದು ಇಳಿದರು. ಅವರು ಊಟಕ್ಕೆ ಹೋದದ್ದೇ ತಡ, ಕನ್ನಡಕದವನೊಬ್ಬ ಬಂದು ಬಿಳೀ ಕಾರ್ಡೊಂದನ್ನು ಬೀಗಕ್ಕೆ ತಾಗಿಸಿದ. ಕ್ಲಿಕ್! ಮದುಮಗಳ ಸೀರೆ, ಒಡವೆಯ ಪೆಟ್ಟಿಗೆ ಹೊರಗೆ ತಂದ.

ಕೊಟ್ರ ನಕ್ಕ, ಕೈ ಮುಗಿದ, ಪೆಟ್ಟಿಗೆ ಹಿಡಿದ. "ಅಣ್ಣಾ, ನಿನ್ನ ಕಾರ್ಡಿನ ಮೇಲೆ ನಮ್ಮ ಲಾಡ್ಜಿನ ಹೆಸರೇ ಇಲ್ಲ. ಬೀಗ ಹೆಂಗೆ ಒಪ್ತು?"

"ಹೆಸರು ಯಾಕೆ? ಬೀಗಕ್ಕೆ ಒಂದು ಗುಟ್ಟಿನ ಮಾತು ಬೇಕು. ನಿಮ್ಮ ಕಾರ್ಡಿನಿಂದ ಕದ್ದು ನನ್ನ ಕಾರ್ಡಿಗೂ ಕಲಿಸಿದೆ."

"ಗಿಣಿಗೆ ಕಲಿಸಿದಂಗಾ?"

"ಹಂಗೇ!"

ಕೊಟ್ರನಿಗೆ ಆನಂದವೋ ಆನಂದ. ಆಟೋ ಬಂತು. ಕಳ್ಳ ಹತ್ತಿ ಕೂತು, "ಪೆಟ್ಟಿಗೆ ಕೊಡು" ಅಂದ. ಕೊಟ್ರ ಬಿಡಲಿಲ್ಲ. ಕಳ್ಳ ಎಳೆದ. ಬಿಡಲಿಲ್ಲ. ಕೈ ಕಚ್ಚಿದ. "ಜೀವ ಹೋದ್ರೂ ಬಿಡಬಾರ್ದು ಅಂದಾಳೆ ನಮ್ಮವ್ವ!" ಬಿಡಲೇ ಇಲ್ಲ! ಜನ ಸೇರಿದರು, ಕಳ್ಳ ಸಿಕ್ಕಿಬಿದ್ದ.

ಮದುಮಗಳು ಅಳುತ್ತಾ ಬಂದು ಪೆಟ್ಟಿಗೆ ಕೇಳಿದಳು. ಅವಳಿಗೂ ಬಿಡಲಿಲ್ಲ! ಅವ್ವ ಬಂದು ಬೆನ್ನಿಗೆರಡು ಬಿಗಿದ ಮೇಲೇ ಕೈ ಸಡಿಲಿಸಿದ್ದು.

ರಾಯರು ಬೆವರು ಒರೆಸಿಕೊಂಡರು. "ಈ ಬೀಗಗಳು ಮೋಸ ಹೋಗ್ತವೆ. ಕಂಪನಿಯವರನ್ನ ಕರ್ಕೊಂಡು ಬರ್ತೀನಿ. ಅಲ್ಲೀತನಕ ಒಂದೇ ಒಂದು ಬೀಗಾನೂ ಕಳ್ಳರ ಕೈಗೆ ಸಿಗದಂಗೆ ನೋಡ್ಕೊಳ್ಳೋ, ಕೊಟ್ರಾ!"

"ಆಗ್ಲಿ ರಾಯರೇ!"

ಕಂಪನಿಯವರ ಜತೆ ರಾಯರು ತಿರುಗಿ ಬಂದರೆ, ಒಂದೊಂದು ರೂಮಿನ ಬಾಗಿಲೂ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದೆ! ಕೊಟ್ರ ಗೋಣಿಚೀಲವೊಂದರ ಮೇಲೆ ಕುಂತಿದ್ದಾನೆ, ಕೈಯಲ್ಲಿ ಸ್ಕ್ರೂಡ್ರೈವರು.

"ಏನೋ ಇದು!"

"ಎಲ್ಲಾ ಬೀಗ ಬಿಚ್ಚಿ ಚೀಲಕ್ಕೆ ತುಂಬೀನಿ ರಾಯರೇ! ಅದ್ಯಾವ ಕಳ್ಳ ಬಂದು ಅದ್ಯಾವ ಬೀಗ ತೆಗೀತಾನೋ, ಈಗ ತೆಗೀಲಿ ನೋಡಾಣ!"